ಎಲ್ಲವೂ ದೇವರ ಹುಕುಂ ಅಂದಮೇಲೆ ನಾವು ಸುಮ್ನೆ ಕೂರಬೇಕಾ?

ಓದುಗರ ಪ್ರಶ್ನೆ: ಏನೇ ಆದರೂ ಸಿಖ್ಖರು ‘ವಾಹೆಗುರುವಿನ ಭಾಣಾ’ ಅಂತಾರೆ. ಎಲ್ಲ ದೇವರ ಇಚ್ಛೆ ಅಂತ ಒಪ್ಪಿಕೊಂಡರೆ ಅನ್ಯಾಯವನ್ನೂ ಒಪ್ಪಿಕೊಂಡ ಹಾಗೆ ಅಲ್ವಾ? ಕಷ್ಟ ಬಂದಾಗ ಅಳಲೂ ಬಾರದಾ?

ಉತ್ತರ: ಹುಕುಂ ನಮಗೆ ಹೊಸ ಪದವೇನಲ್ಲ. ಸರ್ಕಾರಿ ಜಮೀನನ್ನು ಅಪ್ಪಣೆ ಇಲ್ಲದೆ ಉಳುವುದಕ್ಕೆ ನಮ್ಮ ಹಳ್ಳಿಗಳಲ್ಲಿ ‘ಬಗರ್ ಹುಕುಂ ಸಾಗುವಳಿ’ ಅಂತಾರೆ. ಅದೇ ಹುಕುಂ, ಅಂದರೆ ಅಪ್ಪಣೆ. ಗುರು ನಾನಕರು ದೇವರ ಮಾತಿಗೆ ಈ ದರ್ಬಾರಿನ ಪದವನ್ನೇ ಬಳಸಿದರು. ಸಿಖ್ಖರು ಬೆಳಗಿನ ಜಾವ ಓದುವ ಜಪ್‌ಜಿ ಸಾಹಿಬ್‌ನಲ್ಲಿ, ಎಲ್ಲರೂ ಹುಕುಮಿನ ಒಳಗೇ ಇದ್ದಾರೆ, ಹೊರಗೆ ಯಾರೂ ಇಲ್ಲ ಅನ್ನುವ ಮಾತು ಬರುತ್ತದೆ. ಅಂದರೆ ಈ ಲೋಕದಲ್ಲಿ ಬಗರ್ ಹುಕುಂ ಅನ್ನುವುದೇ ಇಲ್ಲ. ಹುಕುಮನ್ನು ಅರಿತವನು ‘ನಾನು, ನಾನು’ ಅನ್ನುವುದಿಲ್ಲ ಅಂತ ಅದೇ ಪದ್ಯ ಮುಗಿಯುತ್ತದೆ. ಆ ‘ನಾನು’ವಿಗೆ ಸಿಖ್ಖರು ಹೌಮೈ ಅಂತಾರೆ. ನೀವು ಹೇಳಿದ ಭಾಣಾ ಅಂದರೆ ದೇವರಿಗೆ ಹಿಡಿಸಿದ್ದು, ಅವನ ಇಚ್ಛೆ.

ಸುಳ್ಳಿನ ಗೋಡೆ ಒಡೆಯುವುದು ಹೇಗೆ ಅಂತ ಜಪ್‌ಜಿಯ ಮೊದಲ ಪದ್ಯ ಕೇಳುತ್ತದೆ. ಉತ್ತರವನ್ನೂ ಅಲ್ಲೇ ಕೊಡುತ್ತದೆ: ‘ಹುಕಮ್ ರಜಾಈ ಚಲಣಾ’. ಚಲಣಾ ಅಂದರೆ ನಡೆಯುವುದು. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಈ ಒಂದು ಕ್ರಿಯಾಪದದಲ್ಲೇ ಇದೆ. ಹುಕುಮಿನಲ್ಲಿ ನಡೆ ಅಂದರು ಗುರುಗಳು. ಕೂರು ಅನ್ನಲಿಲ್ಲ.

ಇನ್ನು ಅನ್ಯಾಯದ ಮಾತು. ಬಾಬರನ ದಂಡು ಪಂಜಾಬಿನ ಸೈದ್‌ಪುರದ ಮೇಲೆ ಬಿದ್ದಾಗ ಜನ ಪಟ್ಟ ಪಾಡನ್ನು ಗುರು ನಾನಕರು ಹಾಡಿದ್ದಾರೆ. ಆ ಹಾಡುಗಳಿಗೆ ಬಾಬರ್‌ವಾಣಿ ಅಂತ ಹೆಸರು. ಅದರಲ್ಲಿ ಅವರು ದೇವರನ್ನೇ ಕೇಳುತ್ತಾರೆ: ಇಷ್ಟೊಂದು ಹೊಡೆತ ಬಿತ್ತು, ಜನ ಚೀರಿದರು, ನಿನಗೆ ನೋವಾಗಲಿಲ್ಲವೇ? ನನಗೆ ತುಂಬಾ ಹತ್ತಿರವಾದ ಸಾಲು ಇದು. ಎಲ್ಲರೂ ಹುಕುಮಿನ ಒಳಗೇ ಇದ್ದಾರೆ ಅಂದವರೇ ಹೀಗೂ ಕೇಳಿದರು. ನಂಬಿಕೆ ಇದ್ದುದರಿಂದಲೇ ಅಷ್ಟು ಸಲುಗೆಯಿಂದ ಕೇಳಲು ಆಯಿತು ಅಂತ ನನಗನ್ನಿಸುತ್ತದೆ. ಪರಿಚಯವೇ ಇಲ್ಲದವರನ್ನು ಯಾರೂ ಹೀಗೆ ಕೇಳುವುದಿಲ್ಲ.

ಭಾಣಾ ಅಂದಕೂಡಲೇ ಸಿಖ್ಖರಿಗೆ ನೆನಪಾಗುವುದು ಐದನೇ ಗುರು ಅರ್ಜನ್ ದೇವ್. 1606ರಲ್ಲಿ, ಜಹಾಂಗೀರನ ಕಾಲದಲ್ಲಿ, ಲಾಹೋರಿನಲ್ಲಿ ಅವರನ್ನು ಹಿಂಸಿಸಿ ಕೊಂದರು. ಕಾದ ಹೆಂಚಿನ ಮೇಲೆ ಕೂರಿಸಿ, ಮೈಮೇಲೆ ಬಿಸಿ ಮರಳು ಸುರಿದರು ಅಂತ ಸಿಖ್ ಪರಂಪರೆ ಹೇಳುತ್ತದೆ. ‘ತೇರಾ ಕೀಆ ಮೀಠಾ ಲಾಗೈ’, ನೀನು ಮಾಡಿದ್ದು ಸಿಹಿಯೆನಿಸುತ್ತದೆ, ಅನ್ನುವುದು ಅವರೇ ರಚಿಸಿದ ಸಾಲು. ಆ ಹೊತ್ತಿನಲ್ಲಿ ಅವರ ಬಾಯಲ್ಲಿ ಇದ್ದದ್ದು ಇದೇ ಅಂತ ಸಿಖ್ಖರು ನೆನೆಯುತ್ತಾರೆ. ಆ ದಿನದ ನೆನಪಿಗೆ ಬೇಸಿಗೆಯ ಉರಿಬಿಸಿಲಲ್ಲಿ ದಾರಿಹೋಕರಿಗೆಲ್ಲ ತಂಪಾದ ಸಿಹಿ ಪಾನಕ ಹಂಚುತ್ತಾರೆ. ಅದಕ್ಕೆ ಛಬೀಲ್ ಅಂತ ಹೆಸರು.

ಆದರೆ ಅವರ ಮಗ ಹರಗೋಬಿಂದರು ಏನು ಮಾಡಿದರು ನೋಡಿ. ಗುರುವಿನ ಪೀಠಕ್ಕೆ ಬಂದಾಗ ಅವರಿಗೆ ಇನ್ನೂ 11 ವರ್ಷ. ಸೊಂಟಕ್ಕೆ ‘ಮೀರಿ’, ‘ಪೀರಿ’ ಅನ್ನುವ ಎರಡು ಕತ್ತಿ ಕಟ್ಟಿಕೊಂಡರು. ಒಂದು ಲೋಕದ ಅಧಿಕಾರಕ್ಕೆ, ಇನ್ನೊಂದು ಧರ್ಮಕ್ಕೆ. ತಂದೆ ಸಾವನ್ನು ಸಿಹಿಯೆಂದರು, ಮಗ ಕತ್ತಿ ಹಿಡಿದರು. ಸಿಖ್ಖರಿಗೆ ಇದರಲ್ಲಿ ವಿರೋಧ ಕಾಣುವುದಿಲ್ಲ. ಎರಡೂ ಹುಕುಮಿನಲ್ಲಿ ನಡೆದದ್ದೇ.

ನಾನು ಅರ್ಥ ಮಾಡಿಕೊಂಡಿದ್ದು ಇಷ್ಟು. ಭಾಣಾ ನನ್ನ ನೋವಿಗೆ ನಾನು ಹೇಳಿಕೊಳ್ಳುವ ಮಾತು. ಇನ್ನೊಬ್ಬರ ನೋವಿನ ಎದುರು ಅದನ್ನು ಉಪದೇಶ ಮಾಡಿದರೆ ತಪ್ಪಾಗುತ್ತದೆ. ಅಲ್ಲಿ ಬೇಕಾದದ್ದು ಸೇವೆ. ಎಂಟನೇ ಗುರು ಹರ್ ಕ್ರಿಶನ್ ಇನ್ನೂ ಎಂಟು ವರ್ಷ ತುಂಬದ ಹುಡುಗ. 1664ರಲ್ಲಿ ದೆಹಲಿಯಲ್ಲಿ ಸಿಡುಬು ಹರಡಿದಾಗ ರೋಗಿಗಳ ಆರೈಕೆ ಮಾಡುತ್ತಾ ತಾವೂ ಅದೇ ರೋಗದಿಂದ ತೀರಿಕೊಂಡರು. ನಮ್ಮ ಬೀದರಿನ ನಾನಕ್ ಝೀರಾ ಗುರುದ್ವಾರದ ಕಥೆಯೂ ಇಂಥದ್ದೇ. ಅಲ್ಲಿನ ನೀರು ಉಪ್ಪಾಗಿ ಜನ ಒದ್ದಾಡುತ್ತಿದ್ದರಂತೆ. ಗುರು ನಾನಕರು ಪಾದದಿಂದ ಕಲ್ಲೊಂದನ್ನು ಸರಿಸಿದಾಗ ಸಿಹಿನೀರು ಚಿಮ್ಮಿತು ಅಂತಾರೆ. ಉಪ್ಪುನೀರೇ ನಿಮ್ಮ ಪಾಲಿನ ಭಾಣಾ ಅಂತ ಅವರು ಹೇಳಿ ಹೋಗಲಿಲ್ಲ. ಆ ಒರತೆ ಇವತ್ತಿಗೂ ಹರಿಯುತ್ತಿದೆ. ಒಮ್ಮೆ ಹೋಗಿ ಕುಡಿದು ಬನ್ನಿ.

ಅಳುವುದರ ಬಗ್ಗೆಯೂ ಕೇಳಿದ್ದೀರಿ. ಸಾವಿನ ಮನೆಯಲ್ಲಿ ಎದೆ ಬಡಿದುಕೊಂಡು ರೋದಿಸುವುದು ಬೇಡ ಅನ್ನುತ್ತದೆ ಸಿಖ್ ರೀತಿ. ಮೂರನೇ ಗುರು ಅಮರ್ ದಾಸರು 1574ರಲ್ಲಿ ತೀರಿಕೊಳ್ಳುವ ಮುಂಚೆ, ನನಗಾಗಿ ಯಾರೂ ಅಳಬೇಡಿ ಅಂತ ಮನೆಯವರಿಗೆ ಹೇಳಿದ್ದರು. ಹಾಗಂತ ಕಣ್ಣೀರು ಬಂದರೆ ಯಾರೂ ಗದರುವುದಿಲ್ಲ. ದಹನ ಮುಗಿದ ಮೇಲೆ ನಡೆಯುವ ಧರ್ಮಗ್ರಂಥದ ಓದಿನ ಕೊನೆಗೆ ಅದೇ ಅಮರ್ ದಾಸರ ‘ಆನಂದ್ ಸಾಹಿಬ್’ ಹಾಡುತ್ತಾರೆ. ಮದುವೆಯಲ್ಲಿ ಹಾಡುವುದೂ ಅದನ್ನೇ. ಆಮೇಲೆ ಎಲ್ಲರೂ ಎದ್ದು ನಿಂತು ಅರದಾಸ್ ಅನ್ನುವ ಪ್ರಾರ್ಥನೆ ಹೇಳುತ್ತಾರೆ. ಅದು ‘ತೇರೇ ಭಾಣೇ ಸರಬತ್ ದಾ ಭಲಾ’, ನಿನ್ನ ಇಚ್ಛೆಯಲ್ಲಿ ಎಲ್ಲರಿಗೂ ಒಳ್ಳೆಯದಾಗಲಿ, ಅಂತ ಮುಗಿಯುತ್ತದೆ. ನಂತರ ಕೂತವರ ಬೊಗಸೆಗೆ ಗೋಧಿಹಿಟ್ಟು, ತುಪ್ಪ, ಸಕ್ಕರೆಯ ಬಿಸಿಬಿಸಿ ಕಡಾ ಪ್ರಸಾದ ಬೀಳುತ್ತದೆ. ತೀರಿಕೊಂಡವರ ಮನೆಯವರೂ ಕಣ್ಣೊರೆಸಿಕೊಂಡು ಅದಕ್ಕೆ ಕೈ ಚಾಚುತ್ತಾರೆ.