ಯಾರು ಈ ಫೀನಿಕ್ಸ್ ರೀ?

'ಫ್ಯಾಂಟಸಿ ಸ್ಟಾರ್' ಎಂಬ ಹಳೆಯ ಜಪಾನಿ ವಿಡಿಯೊ ಗೇಮ್ ಅನ್ನು ಕೊನೆವರೆಗೂ ಆಡಿ ಮುಗಿಸಿದವರಿಗೆ ತೆರೆಯ ಮೇಲೆ ಅದನ್ನು ಮಾಡಿದವರ ಹೆಸರಿನ ಪಟ್ಟಿ ಕಾಣುತ್ತದೆ. ಫೀನಿಕ್ಸ್ ರೀ, ಒಟೆಗಾಮಿ ಚಿಯೆ, ಬೋ. ಎಲ್ಲವೂ ಅಡ್ಡಹೆಸರುಗಳೇ. ಆಗ ಅದನ್ನು ತಯಾರಿಸಿದ ಸೆಗಾ ಕಂಪನಿ ತನ್ನ ಕೆಲಸಗಾರರ ನಿಜವಾದ ಹೆಸರು ಹಾಕಲು ಬಿಡುತ್ತಿರಲಿಲ್ಲ. ಒಳ್ಳೆ ಕೈಗಳನ್ನು ಬೇರೆ ಕಂಪನಿಯವರು ಸೆಳೆದುಕೊಂಡುಬಿಟ್ಟರೆ ಅನ್ನೋ ಭಯ. ನಮ್ಮಲ್ಲಿ ಕವಿಗಳು ಕಾವ್ಯನಾಮದಿಂದಲೇ ಮನೆಮಾತಾಗುತ್ತಾರೆ. ಇಲ್ಲಿ ಆದದ್ದು ಬೇರೆ.

ಫೀನಿಕ್ಸ್ ರೀ ಅಂದರೆ ರಿಯೆಕೊ ಕೊಡಮ. 1963ರಲ್ಲಿ ಹುಟ್ಟಿದವರು, ಚಿತ್ರ ಬರೆಯುವ ಕೆಲಸಕ್ಕೆ ಸೆಗಾ ಸೇರಿದ್ದು 1984ರಲ್ಲಿ. ಶುರುವಿನಲ್ಲಿ 'ಚಾಂಪಿಯನ್ ಬಾಕ್ಸಿಂಗ್', 'ನಿಂಜಾ ಪ್ರಿನ್ಸೆಸ್' ತರಹದ ಸಣ್ಣ ಗೇಮ್‌ಗಳು. ಅಷ್ಟರಲ್ಲಿ, 1986ರಲ್ಲಿ, ಎದುರಾಳಿ ಕಂಪನಿ ನಿಂಟೆಂಡೊದ ಗೇಮ್ ಯಂತ್ರಕ್ಕೆ 'ಡ್ರ್ಯಾಗನ್ ಕ್ವೆಸ್ಟ್' ಬಂದು ಜಪಾನಿಗೆ ರೋಲ್ ಪ್ಲೇಯಿಂಗ್ ಗೇಮ್‌ಗಳ, ಅಂದರೆ ಕಥೆಯ ಪಾತ್ರವಾಗಿ ಆಡುತ್ತಾ ಹೋಗುವ ಗೇಮ್‌ಗಳ, ಹುಚ್ಚು ಹಿಡಿಸಿತು. ಸೆಗಾ ಹತ್ತಿರ ಅಂಥದ್ದೊಂದು ಇರಲಿಲ್ಲ. ಆ ಕೊರತೆ ತುಂಬಲು ತಯಾರಾದದ್ದೇ 'ಫ್ಯಾಂಟಸಿ ಸ್ಟಾರ್'. 1987ರ ಡಿಸೆಂಬರ್ 20ಕ್ಕೆ ಅಂಗಡಿಗೆ ಬಂತು, ಅಂಥದ್ದೇ ಇನ್ನೊಂದು ಗೇಮ್ 'ಫೈನಲ್ ಫ್ಯಾಂಟಸಿ' ಬಂದ ಎರಡೇ ದಿನಕ್ಕೆ.

ಗೇಮ್ ತುಂಬಿ ಯಂತ್ರಕ್ಕೆ ಸಿಕ್ಕಿಸುವ ಕಾರ್ಟ್ರಿಜ್‌ನ ಜಾಗ ಬರೀ 4 ಮೆಗಾಬಿಟ್, ಅಂದರೆ 512 ಕೆಬಿ. ಈಗ ಫೋನಿನಲ್ಲಿ ತೆಗೆಯುವ ಒಂದು ಫೋಟೊ ಕೂಡ ಅದಕ್ಕಿಂತ ಜಾಸ್ತಿ ತಿನ್ನುತ್ತದೆ. ಅಷ್ಟರಲ್ಲೇ ಮೂರು ಗ್ರಹಗಳು: ಹಸಿರು ಪಾಲ್ಮ, ಮರಳುಗಾಡಿನ ಮೊಟಾವಿಯ, ಹಿಮ ಮುಚ್ಚಿದ ಡೆಜೊರಿಸ್. ಕತ್ತಿ, ಮಂತ್ರದ ಜೊತೆಗೆ ಅಂತರಿಕ್ಷ ನೌಕೆ, ರೋಬೋಟ್. ಕಾದಾಟ ಶುರುವಾದರೆ ಹಿಂದೆ ಆಯಾ ಜಾಗದ ಚಿತ್ರ, ಮುಂದೆ ಮೈ ಅಲುಗಾಡಿಸುವ ರಾಕ್ಷಸ. ಆಗಿನ ಟಿವಿ ಗೇಮ್‌ಗಳಲ್ಲಿ ಇದು ದೊಡ್ಡ ಸಂಗತಿ. ಕಥೆಯ ನಾಯಕಿ ಆಲಿಸ್ ಎಂಬ ಹುಡುಗಿ. ದೊರೆ ಲ್ಯಾಸಿಕ್‌ನ ಕಡೆಯವರು ಅಣ್ಣನನ್ನು ಕೊಂದಿದ್ದಾರೆ, ಅವಳು ಕತ್ತಿ ಹಿಡಿದು ಹೊರಡುತ್ತಾಳೆ. ರಾಜಕುಮಾರಿ ಅಂದರೆ ಯಾರೋ ಬಂದು ಬಿಡಿಸಬೇಕಾದವಳು ಅಂತಲೇ ಇದ್ದ ಕಾಲ ಅದು.

ಆಲಿಸ್‌ಗೆ ರೂಪ ಕೊಟ್ಟದ್ದು ಕೊಡಮ. ಗೇಮಿನ ಒಟ್ಟು ನೋಟದ ಹೊಣೆ ಅವರದೇ. ಆದರೆ ಈ ಗೇಮಿನ ಮಾತು ಬಂದಾಗಲೆಲ್ಲ ಮೊದಲು ಬರುವುದು ಯೂಜಿ ನಾಕ ಹೆಸರು. ಕಾರಣ ಇಲ್ಲದಿಲ್ಲ. ಸುರಂಗಗಳೊಳಗೆ ನಿಜಕ್ಕೂ ನಡೆದುಹೋದಂತೆ ಕಾಣುವ ಪ್ರೋಗ್ರಾಮ್ ಬರೆದವರು ಅವರು. ಮುಂದೆ 1991ರಲ್ಲಿ ಸೆಗಾದ 'ಸಾನಿಕ್' ಗೇಮ್ ಅವರನ್ನು ಲೋಕಕ್ಕೆಲ್ಲ ಪರಿಚಯಿಸಿತು. ಆ 'ಸಾನಿಕ್'ಗೂ ಕೊಡಮ ಚಿತ್ರ ಬರೆದಿದ್ದರು. ಎಷ್ಟು ಜನಕ್ಕೆ ಗೊತ್ತು?

ಹಾಗಂತ 'ಎಲ್ಲಾ ಅವರೊಬ್ಬರೇ ಮಾಡಿದ್ದು' ಅಂದರೆ ಅದೂ ಸುಳ್ಳೇ. ಯೋಜನೆ ಕೊತಾರೊ ಹಯಾಶಿದ ಅವರದು, ಸಂಗೀತ ತೊಕುಹಿಕೊ ಉವಾಬೊ ಅವರದು. ಕಥೆ ಬರೆದವರು ಚಿಯೆಕೊ ಆಓಕಿ ಎಂಬ ಇನ್ನೊಬ್ಬ ಹೆಣ್ಣುಮಗಳು. ಪಟ್ಟಿಯ ಒಟೆಗಾಮಿ ಚಿಯೆ ಇವರೇ. ನನ್ನ ಪ್ರಕಾರ ಇವರಿಗೆ ಕೊಡಮರಿಗಿಂತಲೂ ಹೆಚ್ಚು ಅನ್ಯಾಯವಾಗಿದೆ. ಆಲಿಸ್‌ನ ಮುಖವನ್ನು ಮೆಚ್ಚುವವರೂ ಅವಳ ಕಥೆ ಹೆಣೆದವರು ಯಾರು ಅಂತ ಕೇಳುವುದು ಅಪರೂಪ.

ಕೊಡಮ ಮುಂದೆ 1993ರ 'ಫ್ಯಾಂಟಸಿ ಸ್ಟಾರ್ 4' ಅನ್ನು ನಿರ್ದೇಶಿಸಿದರು, 2000ದ 'ಸ್ಕೈಸ್ ಆಫ್ ಆರ್ಕೇಡಿಯ'ಗೆ ನಿರ್ಮಾಪಕಿಯಾದರು. ಗೇಮ್ ತಯಾರಕರಿಗೆ ಕೊಡುವ ಗೇಮ್ ಡೆವಲಪರ್ಸ್ ಚಾಯ್ಸ್‌ನ ಪಯೋನಿಯರ್ ಪ್ರಶಸ್ತಿ ಸಿಕ್ಕಿದ್ದು 2019ರಲ್ಲಿ, ಆಲಿಸ್ ಹುಟ್ಟಿ ಮೂವತ್ತು ವರ್ಷ ದಾಟಿದ ಮೇಲೆ.

2022ರ ಮೇ ತಿಂಗಳಲ್ಲಿ, 58ನೇ ವಯಸ್ಸಿಗೆ ಅವರು ತೀರಿಕೊಂಡರು. ಹೊರಗಿನವರಿಗೆ ಸುದ್ದಿಯೇ ಗೊತ್ತಾಗಲಿಲ್ಲ. ಅಕ್ಟೋಬರ್‌ನಲ್ಲಿ ಸೆಗಾ ತನ್ನ ಹಳೆಯ ಯಂತ್ರದ ಪುಟ್ಟ ರೂಪ 'ಮೆಗಾ ಡ್ರೈವ್ ಮಿನಿ 2' ಬಿಟ್ಟಿತು. ಅದನ್ನು ಕೊಂಡವರು ಅದರಲ್ಲಿದ್ದ ಕೆಲಸಗಾರರ ಪಟ್ಟಿ ನೋಡುವಾಗ ಶ್ರದ್ಧಾಂಜಲಿಯ ಸಾಲೊಂದು ಕಂಡಿತು. ಈ ಸಲ ಅಲ್ಲಿದ್ದದ್ದು ರಿಯೆಕೊ ಕೊಡಮ ಎಂಬ ಹೆಸರು.