ಐಷಾರಾಮಿ ಹೋಟೆಲ್‌ಗೆ ನಿಮ್ಮ ಬಗ್ಗೆ ಏನೇನು ಗೊತ್ತಿರುತ್ತದೆ?

ಕಂಪನಿ ಕೆಲಸಕ್ಕೆ ವಿದೇಶಕ್ಕೆ ಹೋಗಿ ದೊಡ್ಡ ಹೋಟೆಲ್‌ನಲ್ಲಿ ಉಳಿದವರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. ‘ಬಾಗಿಲಲ್ಲೇ ಹೆಸರು ಹಿಡಿದು ಮಾತಾಡಿಸಿದರು, ಹೇಗೆ ಗೊತ್ತಾಯಿತೋ!’ ಅನ್ನುವುದು ಒಂದು. ‘ಏನೇನೋ ಸೌಲಭ್ಯ ಇತ್ತು, ಯಾವುದನ್ನೂ ಬಳಸಲಿಲ್ಲ’ ಅನ್ನುವುದು ಇನ್ನೊಂದು. ಹೋಟೆಲ್‌ನ ಫ್ರಂಟ್ ಆಫೀಸ್‌ನಲ್ಲಿ, ಅಂದರೆ ಅತಿಥಿಗಳನ್ನು ಬರಮಾಡಿಕೊಳ್ಳುವ ವಿಭಾಗದಲ್ಲಿ ದುಡಿದ ನನ್ನ ಪ್ರಕಾರ ಎರಡಕ್ಕೂ ಕಾರಣ ಒಂದೇ. ಅಲ್ಲಿನ ಸೇವೆ ನಡೆಯುವುದೇ ಮಾಹಿತಿಯ ಮೇಲೆ. ಅವರಿಗೆ ಗೊತ್ತಿದ್ದದ್ದು ತಾನಾಗಿ ಸಿಗುತ್ತದೆ, ನೀವು ಹೇಳದೆ ಬಿಟ್ಟದ್ದು ಸಿಗುವುದಿಲ್ಲ. ಅಮೃತಶಿಲೆ, ತೂಗುದೀಪಗಳೆಲ್ಲ ಆಮೇಲಿನ ಮಾತು.

ಹೆಸರಿನ ವಿಷಯದಲ್ಲಿ ಮಾಯವೇನೂ ಇಲ್ಲ. ಅಂದು ಬರುವ ಅತಿಥಿಗಳ ಪಟ್ಟಿಯನ್ನು ಶಿಫ್ಟ್ ಶುರುವಾಗುವ ಮುಂಚೆ ಸಿಬ್ಬಂದಿ ಒಟ್ಟಿಗೆ ನಿಂತು ಓದಿಕೊಳ್ಳುತ್ತಾರೆ. ಲಗೇಜು ಇಳಿಸುವವನು ಪೆಟ್ಟಿಗೆಯ ಚೀಟಿ ನೋಡಿ ಒಳಗೆ ತಿಳಿಸಿರುತ್ತಾನೆ. ಜೊತೆಗೆ ಪ್ರತಿ ಅತಿಥಿಗೂ ಕಂಪ್ಯೂಟರಿನಲ್ಲಿ ಒಂದು ಪ್ರೊಫೈಲ್ ಇರುತ್ತದೆ. ಲಿಫ್ಟಿನಿಂದ ದೂರದ ರೂಮ್ ಬೇಕು, ಮೆತ್ತನೆ ದಿಂಬು ಆಗದು, ಹೋದ ಸಲ ಎಸಿ ಸದ್ದು ಮಾಡಿತ್ತು, ಇಂಥದ್ದೆಲ್ಲ ಅದರಲ್ಲಿ ಸೇರುತ್ತದೆ. ಇದು ಇಷ್ಟವಾಗದಿದ್ದರೆ ಹೇಳಬಹುದು. ಯುರೋಪಿನಲ್ಲಂತೂ 2018ರಲ್ಲಿ ಜಾರಿಗೆ ಬಂದ ಜಿಡಿಪಿಆರ್ ಎಂಬ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನಿನಡಿ, ತಮ್ಮ ಬಗ್ಗೆ ಏನು ಬರೆದಿಟ್ಟಿದ್ದಾರೆ ಎಂದು ಕೇಳುವ ಹಕ್ಕು ಅತಿಥಿಗಿದೆ.

ಮೊದಲ ಸಲ ಹೋಗುವವರ ಪ್ರೊಫೈಲ್ ಮಾತ್ರ ಖಾಲಿ. ಅದನ್ನು ನೀವೇ ತುಂಬಬೇಕು. ಹೊರಡುವ ಮುಂಚೆ ಹೋಟೆಲ್‌ಗೆ ಒಂದು ಇಮೇಲ್ ಹಾಕಿ. ವಿಮಾನ ಎಷ್ಟಕ್ಕೆ ಇಳಿಯುತ್ತದೆ, ಮೊದಲ ಮೀಟಿಂಗ್ ಎಷ್ಟಕ್ಕೆ, ಇಷ್ಟು ಬರೆದರೂ ಸಾಕು. ಬೆಳಗಿನ ಜಾವ ಇಳಿದು ನೇರ ಹೋಟೆಲ್‌ಗೆ ಬಂದರೆ ರೂಮ್ ಸಿಗುವುದು ಕಷ್ಟ, ಚೆಕ್-ಇನ್ ಇರುವುದು ಮಧ್ಯಾಹ್ನದ ಮೇಲೆ ತಾನೇ? ಆದರೆ ಮೊದಲೇ ಗೊತ್ತಿದ್ದರೆ ಹೌಸ್‌ಕೀಪಿಂಗ್‌ನವರು ನಿಮ್ಮ ರೂಮನ್ನು ಮೊದಲು ಸಿದ್ಧ ಮಾಡಬಹುದು. ಅದೂ ಆಗದಿದ್ದರೆ ಸ್ನಾನ ಮಾಡಿ ಬಟ್ಟೆ ಬದಲಿಸಲು ಜಿಮ್ ಅಥವಾ ಸ್ಪಾದ ಜಾಗ ಕೊಡುತ್ತಾರೆ, ಶರ್ಟಿಗೆ ಇಸ್ತ್ರಿಯೂ ಆಗುತ್ತದೆ. ರೂಮ್ ಬೇಕೇ ಬೇಕು ಅಂದರೆ ಹಿಂದಿನ ರಾತ್ರಿಯಿಂದಲೇ ಬುಕ್ ಮಾಡಿ, ಬೆಳಗ್ಗೆ ಬರುತ್ತೇನೆಂದು ತಿಳಿಸಿಡಬೇಕು. ತಿಳಿಸದಿದ್ದರೆ ‘ಬರಲಿಲ್ಲ’ ಎಂದುಕೊಂಡು ಬುಕಿಂಗ್ ರದ್ದು ಮಾಡಿಬಿಟ್ಟಾರು!

ಲಾಬಿಯಲ್ಲಿ ಕೋಟಿನ ಕಾಲರಿಗೆ ಅಡ್ಡಡ್ಡ ಇಟ್ಟ ಎರಡು ಚಿನ್ನದ ಬಣ್ಣದ ಕೀಲಿಗಳ ಪದಕ ಧರಿಸಿದವರು ಕಂಡರೆ ಬಿಡಬೇಡಿ. ಅವರು ಕನ್ಸಿಯರ್ಜ್‌ಗಳು, ಅಂದರೆ ಅತಿಥಿಗಳಿಗೆ ಬೇಕಾದ್ದನ್ನು ಏರ್ಪಾಡು ಮಾಡಿಕೊಡುವ ಸಿಬ್ಬಂದಿ; ಲೆ ಕ್ಲೆ ದೋರ್ ಎಂಬ ಕನ್ಸಿಯರ್ಜ್‌ಗಳ ಸಂಘದವರು. ಅದು 1929ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ್ದು. ಕನ್ಸಿಯರ್ಜ್ ಅಂದರೆ ನಾಟಕದ ಟಿಕೆಟ್ ಕೊಡಿಸುವವರು ಎಂದೇ ಜಾಸ್ತಿ ಜನ ತಿಳಿದಿದ್ದಾರೆ. ಕೋಟಿನ ಗುಂಡಿ ಕಿತ್ತುಹೋಗಿದೆ, ನಾಳೆ ಬೆಳಗ್ಗೆ ದುಭಾಷಿ ಬೇಕು, ಎದುರು ಪಾರ್ಟಿಗೆ ಎಂಥ ಉಡುಗೊರೆ ಕೊಟ್ಟರೆ ಚೆನ್ನ, ಇವನ್ನೂ ಕೇಳಬಹುದು.

ತೊಂದರೆ ಆದಾಗ ಸುಮ್ನೆ ಸಹಿಸಿಕೊಂಡು, ಊರಿಗೆ ಬಂದು ಕೆಟ್ಟ ರಿವ್ಯೂ ಬರೆಯುವವರಿದ್ದಾರೆ. ಅದರಿಂದ ಆ ರಾತ್ರಿಯ ನಿದ್ದೆ ವಾಪಸ್ ಬರುವುದಿಲ್ಲ ಅಲ್ವಾ? ಆಗಲೇ, ಎದುರಿಗಿದ್ದವರಿಗೇ ಹೇಳಿ. ರಿಟ್ಜ್-ಕಾರ್ಲ್‌ಟನ್ ಎಂಬ ಐಷಾರಾಮಿ ಹೋಟೆಲ್ ಸರಣಿಯಲ್ಲಿ ಒಬ್ಬ ಅತಿಥಿಯ ಸಮಸ್ಯೆ ಸರಿಪಡಿಸಲು 2,000 ಡಾಲರ್‌ವರೆಗೆ ಖರ್ಚು ಮಾಡುವ ಅಧಿಕಾರ ಸಾಮಾನ್ಯ ನೌಕರರಿಗೂ ಇದೆ ಎಂಬುದು ನಮ್ಮ ವೃತ್ತಿಯಲ್ಲಿ ಹೆಸರುವಾಸಿ. ಎಲ್ಲ ಹೋಟೆಲ್‌ಗಳೂ ಅಷ್ಟು ಕೊಡುವುದಿಲ್ಲ. ಆದರೂ ರೂಮ್ ಬದಲಿಸುವುದು, ಒಂದು ಶುಲ್ಕ ತೆಗೆದುಹಾಕುವುದು ಹೆಚ್ಚಿನ ಕಡೆ ರಿಸೆಪ್ಷನ್‌ನವರ ಕೈಯಲ್ಲೇ ಇರುತ್ತದೆ.

ಇನ್ನು ದುಡ್ಡಿನ ಮಾತು. ಚೆಕ್-ಇನ್ ಹೊತ್ತಿನಲ್ಲಿ ಮಿನಿಬಾರ್ (ರೂಮಿನ ಪುಟ್ಟ ಫ್ರಿಜ್‌ನಲ್ಲಿಟ್ಟ ಪಾನೀಯ, ತಿಂಡಿ), ಲಾಂಡ್ರಿ ಮುಂತಾದವಕ್ಕೆಂದು ನಿಮ್ಮ ಕಾರ್ಡಿನಲ್ಲಿ ಒಂದು ಮೊತ್ತವನ್ನು ತಡೆಹಿಡಿಯುತ್ತಾರೆ. ಕ್ರೆಡಿಟ್ ಕಾರ್ಡಾದರೆ ಲಿಮಿಟ್ ಕಮ್ಮಿಯಾಗುತ್ತದೆ, ಅಷ್ಟೇ. ಡೆಬಿಟ್ ಕಾರ್ಡಾದರೆ ಖಾತೆಯ ದುಡ್ಡೇ ಸಿಕ್ಕಿಕೊಳ್ಳುತ್ತದೆ, ಬಿಡುಗಡೆಯಾಗಲು ಹಲವು ದಿನ ಹಿಡಿಯಬಹುದು. ಕೆಲವು ಮಿನಿಬಾರ್‌ಗಳಿಗೆ ಸೆನ್ಸರ್ ಇರುತ್ತದೆ. ಬಾಟಲಿ ಎತ್ತಿ ನೋಡಿ ವಾಪಸ್ ಇಟ್ಟರೂ ಬಿಲ್ಲಿಗೆ ಸೇರಿಬಿಡಬಹುದು!

ರೂಮಿನ ಬಾಡಿಗೆ ಕಂಪನಿಯದು, ಉಳಿದದ್ದು ನಿಮ್ಮದು ಅಂತಾದರೆ ಎರಡು ಬಿಲ್ ಮಾಡಲು ಚೆಕ್-ಇನ್‌ನಲ್ಲೇ ಹೇಳಿ. ಹೊರಡುವ ಹಿಂದಿನ ರಾತ್ರಿ ಕರಡು ಬಿಲ್ ತರಿಸಿ ಓದಿಕೊಳ್ಳಿ. ಕಂಪನಿಯ ಹೆಸರು, ವಿಳಾಸ, ತೆರಿಗೆ ಸಂಖ್ಯೆ ಸರಿಯಿದೆಯೇ ನೋಡಿ. ಊರಿಗೆ ಬಂದ ಮೇಲೆ ಅದನ್ನು ತಿದ್ದಿಸುವುದು ಹೋಟೆಲ್‌ಗೂ ತಲೆನೋವು, ನಿಮ್ಮ ಅಕೌಂಟ್ಸ್ ವಿಭಾಗಕ್ಕೂ ತಲೆನೋವು.