ಅಡ್ಡ ತೂಗುವ ಬೆಳಕು ಎಲೆಕ್ಟ್ರಾನನ್ನು ಮುಂದಕ್ಕೆ ಓಡಿಸುವುದು ಹೇಗೆ?

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದರ ಅಧ್ಯಾಪಕರ ಪ್ರಶ್ನೆ: "ಬೆಳಕಿನ ವಿದ್ಯುತ್ ಕ್ಷೇತ್ರವು ಅದು ಸಾಗುವ ದಿಕ್ಕಿಗೆ ಅಡ್ಡವಾಗಿ ಅತ್ತಿತ್ತ ತೂಗುತ್ತದೆ ಎಂದು ಮಕ್ಕಳಿಗೆ ಕಲಿಸುತ್ತೇವೆ. ಹಾಗಿರುವಾಗ ಲೇಸರ್ ಬಳಸಿ ಎಲೆಕ್ಟ್ರಾನನ್ನು ಮುಂದಕ್ಕೆ ಓಡಿಸುವುದು ಹೇಗೆ?"

ಅವರು ಕಲಿಸುತ್ತಿರುವುದು ಸರಿಯಾಗಿಯೇ ಇದೆ. ಇಲ್ಲಿ ಎಲೆಕ್ಟ್ರಾನಿಗೆ ವೇಗ ಕೊಡುವುದು ಲೇಸರ್ ಅಲ್ಲ, ಲೇಸರ್ ಹಾದುಹೋದ ಮೇಲೆ ಪ್ಲಾಸ್ಮಾದಲ್ಲಿ, ಅಂದರೆ ಪರಮಾಣುಗಳು ಒಡೆದು ಎಲೆಕ್ಟ್ರಾನು ಮತ್ತು ಅಯಾನುಗಳಾಗಿರುವ ಅನಿಲದಲ್ಲಿ, ಏಳುವ ಅಲೆ. ಚಂದ್ರಗಿರಿ ಹೊಳೆಯಲ್ಲಿ ಮೋಟಾರು ದೋಣಿ ಸಾಗಿದಾಗ, ದೋಣಿ ತಾಗದಿದ್ದರೂ ಅದರ ಹಿಂದೆದ್ದ ಅಲೆಗೆ ಸಿಕ್ಕಿ ತೇಲುವ ತೆಂಗಿನ ಸಿಪ್ಪೆ ಅಲುಗುವುದನ್ನು ಅವರೂ ನೋಡಿರುತ್ತಾರೆ.

30 ಫೆಮ್ಟೋಸೆಕೆಂಡಿನ (ಒಂದು ಫೆಮ್ಟೋಸೆಕೆಂಡ್ ಎಂದರೆ ಸೆಕೆಂಡಿನ ಕೋಟಿ ಕೋಟಿಯ ಹತ್ತನೇ ಒಂದು ಪಾಲು) ಲೇಸರ್ ಮಿಡಿತದ ಉದ್ದ ಸುಮಾರು 9 ಮೈಕ್ರೋಮೀಟರ್, ಅಂದರೆ ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಅದರ ನಡುವೆ ಬೆಳಕು ಪ್ರಖರ, ಅಂಚಿನಲ್ಲಿ ಕ್ಷೀಣ. ತೂಗಾಡುವ ಎಲೆಕ್ಟ್ರಾನು ಪ್ರಖರ ಭಾಗದಲ್ಲಿ ಬಲವಾಗಿ ತಳ್ಳಿಸಿಕೊಂಡು ಕ್ಷೀಣ ಭಾಗಕ್ಕೆ ಹೋದರೆ, ಅಲ್ಲಿ ಅದನ್ನು ಹಿಂದಕ್ಕೆಳೆಯುವ ಬಲ ಅಷ್ಟಿರುವುದಿಲ್ಲ. ಹೀಗಾಗಿ ಎಲೆಕ್ಟ್ರಾನುಗಳು ಒಟ್ಟಾರೆ ಮಿಡಿತದಿಂದ ದೂರ ಸರಿಯುತ್ತವೆ. ಸಾವಿರಾರು ಪಟ್ಟು ಭಾರವಿರುವ ಅಯಾನುಗಳು, ಅಂದರೆ ಎಲೆಕ್ಟ್ರಾನು ಕಳೆದುಕೊಂಡು ಧನಾವೇಶ ಪಡೆದ ಪರಮಾಣುಗಳು, ಮಾತ್ರ ಇದ್ದಲ್ಲೇ ಉಳಿಯುತ್ತವೆ. ಆ ಧನಾವೇಶವು ಸರಿದುಹೋದ ಎಲೆಕ್ಟ್ರಾನುಗಳನ್ನು ಮರಳಿ ಸೆಳೆಯುತ್ತದೆ, ಅವು ರಭಸಕ್ಕೆ ತಮ್ಮ ಜಾಗವನ್ನು ದಾಟಿ ಹೋಗುತ್ತವೆ, ಮತ್ತೆ ಹಿಂದಿರುಗುತ್ತವೆ. ಮಿಡಿತದ ಬೆನ್ನಿಗೇ ಓಡುವ ಈ ಅಲೆಯಲ್ಲಿ ವಿದ್ಯುತ್ ಕ್ಷೇತ್ರವು ಅಡ್ಡಕ್ಕಲ್ಲ, ಓಟದ ದಿಕ್ಕಿನಲ್ಲೇ ಇರುತ್ತದೆ. ನನಗೆ ಇಡೀ ವಿಧಾನದ ಸೊಗಸು ಕಾಣುವುದು ಇಲ್ಲಿ.

ಪ್ಲಾಸ್ಮಾವೇ ಏಕೆಂದರೆ, ಸಾಮಾನ್ಯ ಕಣ ವೇಗವರ್ಧಕಗಳ ಲೋಹದ ಕುಹರಗಳಲ್ಲಿ ಕ್ಷೇತ್ರವು ಮೀಟರಿಗೆ ಸುಮಾರು 10 ಕೋಟಿ ವೋಲ್ಟ್ ಮೀರಿದರೆ ಕಿಡಿ ಹಾರುತ್ತದೆ. ಪ್ಲಾಸ್ಮಾದಲ್ಲಿ ಪರಮಾಣುಗಳು ಮೊದಲೇ ಒಡೆದಿರುವುದರಿಂದ ಆ ಭಯವಿಲ್ಲ; ಅಲ್ಲಿ ಸಾವಿರ ಪಟ್ಟು ಹೆಚ್ಚಿನ ಕ್ಷೇತ್ರವೂ ಸಾಧ್ಯ.

ಭೌತವಿಜ್ಞಾನಿಗಳಾದ ತಾಜಿಮಾ ಮತ್ತು ಡಾಸನ್ ಇದನ್ನು 1979ರಲ್ಲೇ ಸೂಚಿಸಿದ್ದರು, ಆದರೆ ಬೇಕಾದಷ್ಟು ಪ್ರಬಲ ಮಿಡಿತಗಳಿಗೆ ದಾರಿಯಾದದ್ದು 1985ರಲ್ಲಿ ಸ್ಟ್ರಿಕ್‌ಲ್ಯಾಂಡ್ ಮತ್ತು ಮುರೂ ಕಂಡುಕೊಂಡ, ಮಿಡಿತವನ್ನು ಹಿಗ್ಗಿಸಿ, ಬಲಪಡಿಸಿ, ಮತ್ತೆ ಕುಗ್ಗಿಸುವ ತಂತ್ರದಿಂದ. 2019ರಲ್ಲಿ ಅಮೆರಿಕದ ಬರ್ಕ್ಲಿ ಪ್ರಯೋಗಾಲಯವು 20 ಸೆಂಟಿಮೀಟರ್ ಪ್ಲಾಸ್ಮಾದಲ್ಲಿ ಎಲೆಕ್ಟ್ರಾನುಗಳಿಗೆ 7.8 ಗಿಗಾ ಎಲೆಕ್ಟ್ರಾನ್ ವೋಲ್ಟ್ (780 ಕೋಟಿ ವೋಲ್ಟ್ ದಾಟಿದಾಗ ಒಂದು ಎಲೆಕ್ಟ್ರಾನು ಪಡೆಯುವಷ್ಟು) ಶಕ್ತಿ ಕೊಟ್ಟ ವರದಿಯನ್ನು ಪ್ರಕಟಿಸಿತು.

ಓಟ ಇನ್ನೂ ಉದ್ದವಾಗದಿರುವುದಕ್ಕೆ ಕಾರಣಗಳಿವೆ. ಪ್ಲಾಸ್ಮಾದೊಳಗೆ ಬೆಳಕು ತುಸು ನಿಧಾನ, ಅದರ ಹಿಂದಿನ ಅಲೆಯೂ ಅಷ್ಟೇ ನಿಧಾನ; ಹಾಗಾಗಿ ವೇಗ ಪಡೆದ ಎಲೆಕ್ಟ್ರಾನುಗಳು ಅಲೆಯನ್ನೇ ಹಿಂದಿಕ್ಕಿ, ಎದುರು ಕ್ಷೇತ್ರಕ್ಕೆ ಸಿಕ್ಕಿ ಶಕ್ತಿ ಕಳೆದುಕೊಳ್ಳತೊಡಗುತ್ತವೆ. ಪ್ಲಾಸ್ಮಾದ ಸಾಂದ್ರತೆ ತಗ್ಗಿಸಿದರೆ ಕ್ಷೇತ್ರ ತಗ್ಗಿದರೂ ಓಟ ಉದ್ದವಾಗಿ ಒಟ್ಟು ಶಕ್ತಿ ಹೆಚ್ಚುತ್ತದೆ. ಆದರೆ ಅಷ್ಟು ದೂರ ಲೇಸರ್ ಹರಡಿಹೋಗದಂತೆ ಹಿಡಿದಿಡಬೇಕು. ಬರ್ಕ್ಲಿಯಲ್ಲಿ ಅದಕ್ಕಾಗಿಯೇ ಇನ್ನೊಂದು ಲೇಸರಿನಿಂದ ಪ್ಲಾಸ್ಮಾದ ನಡುಭಾಗವನ್ನು ಕಾಯಿಸಿ ಕಾಲುವೆಯಂಥ ದಾರಿ ಮಾಡಿಕೊಟ್ಟಿದ್ದರು.